ಜಾಗ ಸಾಲದ ಎಂಟು ಹೆಸರು

ವಿದ್ಯಾವತಿ ‘ಓವರ್‌ಫ್ಲೋ’ ಪಾಠ ಮಾಡುವ ದಿನ ಹುಡುಗ ಹುಡುಗಿಯರನ್ನೆಲ್ಲ ಎಬ್ಬಿಸಿ ಕಿಟಕಿಯ ಹತ್ತಿರ ನಿಲ್ಲಿಸುತ್ತಿದ್ದಳು. ಕಂಪ್ಯೂಟರ್ ಸೆಂಟರ್ ಇದ್ದದ್ದು ದಾಂಡೇಲಿಯ ಬಸ್ ಸ್ಟ್ಯಾಂಡಿನ ಎದುರಿಗೆ, ಔಷಧ ಅಂಗಡಿಯ ಮಾಳಿಗೆಯ ಮೇಲೆ. ಅಲ್ಲಿಂದ ನೋಡಿದರೆ ಇಡೀ ಸ್ಟ್ಯಾಂಡು ಕಣ್ಣಳತೆಯಲ್ಲಿ ಇರುತ್ತಿತ್ತು.

“ನೋಡ್ರಿ, ವೆಬ್ ಪೇಜಿನ್ಯಾಗ ನಾವು ಒಂದು ಡಬ್ಬಿ ಮಾಡ್ತೀವಿ. ಡಬ್ಬಿ ಸಣ್ಣದು, ಅದರಾಗ ತುಂಬೂದು ಭಾಳ. ಆವಾಗ ಏನ್ ಮಾಡೂದು? ನಾಕು ದಾರಿ ಅದಾವ. ಅಲ್ಲಿ ಕುಂಬಾರವಾಡದ ಟೆಂಪೋ ನೋಡ್ರಿ, ಮಂದಿ ಹೊರಗ ಜೋತು ಬಿದ್ದಾರ. ಅದು ‘ವಿಸಿಬಲ್’. ಡಬ್ಬಿ ತುಂಬಿ ಹೊರಗ ಚೆಲ್ಲಿದ್ರೂ ಎಲ್ಲಾರೂ ಕಾಣ್ತಾರ. ಆ ಹಳಿಯಾಳ ಬಸ್ಸಿನ್ಯಾಗ ನರಪಿಳ್ಳೆ ಇಲ್ಲ, ಆದ್ರೂ ಬಂದು ನಿಂತೈತಿ. ಅದು ‘ಸ್ಕ್ರೋಲ್’. ಬೇಕಿರಲಿ ಬ್ಯಾಡಿರಲಿ, ಎಳಿಯೋ ಪಟ್ಟಿ ಬಾಜೂಕ ಇದ್ದ ಇರ್ತೈತಿ. ಇನ್ನ ‘ಆಟೋ’ ಅಂದ್ರ ನಮ್ಮ ರಿಕ್ಷಾನ. ಮಂದಿ ಹೆಚ್ಚಾದ್ರ ತಾನ ಬರ್ತೈತಿ, ಇಲ್ಲಾಂದ್ರ ಇಲ್ಲ.”

“ಮತ್ತ ‘ಹಿಡನ್’ ರೀ, ಟೀಚರ್?”

“ಹಿಡನ್ ಅಂದ್ರ ಕಂಡಕ್ಟರ್ ಬಾಗಲಾ ಬಡದು ಸೀಟಿ ಊದಿದ್ದು. ಹಿಡಿಸಿದಾವ್ರು ಹಿಡಿಸಿದ್ರು. ಉಳದಾವ್ರನ್ನ ಯಾರೂ ತಿರುಗಿ ಸೈತ ನೋಡಾಂಗಿಲ್ಲ.”

ಹುಡುಗರು ನಗುತ್ತಿದ್ದರು. ಹಿಂದಿನ ಕುರ್ಚಿಯಲ್ಲಿ ಕೂತು ಸೆಂಟರಿನ ಮಾಲೀಕ ದುಂಡೇಶನೂ ನಗುತ್ತಿದ್ದ. ಕಂಪ್ಯೂಟರ್ ಬಿಚ್ಚಿ ಜೋಡಿಸುವುದರಲ್ಲಿ ಅವನು ಪಳಗಿದವನು, ಪೇಜು ಬರೆಯುವುದು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಬಂದಷ್ಟನ್ನೂ ಅವನು ಕಲಿತದ್ದು ವಿದ್ಯಾವತಿಯ ಇಂಥ ಪಾಠಗಳಿಂದಲೇ.

ಇದು ಎರಡು ಸಾವಿರದ ಮೂರನೆಯ ಇಸವಿಯ ಮಾತು. ವಿದ್ಯಾವತಿಗೆ ಆಗ ಇಪ್ಪತ್ತಮೂರು ವರ್ಷ. ಅವಳ ಅಪ್ಪ ಶೇಖಪ್ಪ ಪೇಪರ್ ಮಿಲ್ಲಿನಲ್ಲಿ ಮೂವತ್ತು ವರ್ಷ ಹಾಳೆ ಕತ್ತರಿಸಿ ನಿವೃತ್ತನಾದವನು. ಮಗಳೂ ಪೇಜಿನ ಕೆಲಸವನ್ನೇ ಹಿಡಿದಳಲ್ಲ ಎಂದು ಮೊದಲು ಬಹಳ ಹಿಗ್ಗಿದ್ದ. ಆ ಪೇಜಿಗೆ ತಳವೇ ಇಲ್ಲ, ಎಳೆದಷ್ಟೂ ಕೆಳಗೆ ಹೋಗುತ್ತದೆ ಎಂದು ತಿಳಿದ ದಿನ ಅವನ ಮುಖ ಸಪ್ಪಗಾಯಿತು. “ಅಳತಿ ಇಲ್ಲದ್ದು ಹಾಳಿ ಹೆಂಗ ಆಗ್ತೈತವಾ? ಹೆಚ್ಚಾಗಿದ್ದನ್ನ ಕತ್ತರಿಸಬೇಕು. ಅದಕ್ಕ ನಮಗ ಪಗಾರ ಕೊಡ್ತಿದ್ರು,” ಎಂದ. ಅವನಿಗೆ ತಿಳಿಸಿ ಹೇಳುವ ಗೋಜಿಗೆ ಅವಳು ಹೋಗಲಿಲ್ಲ.

ಅವಳನ್ನು ಈ ಕೆಲಸಕ್ಕೆ ಕರೆತಂದವನು ದುಂಡೇಶ. ಹುಡುಗಿಯನ್ನು ಟೀಚರ್ ಮಾಡಿದರೆ ಅಡ್ಮಿಶನ್ ಬರುವುದಿಲ್ಲ ಎಂದು ಉಳಿದ ಸೆಂಟರಿನವರೆಲ್ಲ ಕೈ ಅಲ್ಲಾಡಿಸಿದಾಗ, ಇವನು ತಾನಾಗಿಯೇ ಮನೆಗೆ ಬಂದು, ಚಾಪೆಯ ಮೇಲೆ ಕೂತು, “ಕಾಕಾ, ವಿದ್ಯಾ ನನಗ ತಂಗಿ ಇದ್ದಂಗ. ಕಳಸ್ರಿ,” ಎಂದಿದ್ದ. ಆ ಒಂದು ಮಾತಿಗೆ ಅವಳು ನಾಲ್ಕು ವರ್ಷ ಅವನನ್ನು ಬಾಯ್ತುಂಬ ಅಣ್ಣಾ ಎಂದು ಕರೆದಳು. ಅಣ್ಣ ಎನ್ನಿಸಿಕೊಳ್ಳುವುದಕ್ಕೆ ಖರ್ಚೇನಿಲ್ಲ ಬಿಡಿ, ಯಾರು ಬೇಕಾದರೂ ಎನ್ನಿಸಿಕೊಳ್ಳಬಹುದು.

ಆ ವರ್ಷ ಸೆಂಟರಿಗೆ ಕಾಜಲ್ ಎಂಬ ಹುಡುಗಿ ಸೇರಿದ್ದಳು. ತೇರಗಾಂವದಾಚೆಯ ಒಂದು ಲಮಾಣಿ ತಾಂಡಾದವಳು, ಪಿಯುಸಿ ಮುಗಿಸಿದ್ದಳು. ಅವಳ ಹೆಗಲಿಗೆ ಒಂದು ಚೀಲವಿರುತ್ತಿತ್ತು. ಕೆಂಪು, ನೀಲಿ ದಾರದ ಕಸೂತಿ, ನಡುನಡುವೆ ಕನ್ನಡಿ ಬಿಲ್ಲೆ, ಅಂಚಿಗೆ ಕವಡೆ. ಎಲ್ಲಿ ಕೊಂಡೆ ಎಂದು ವಿದ್ಯಾವತಿ ಕೇಳಿದರೆ ಹುಡುಗಿ ನಕ್ಕುಬಿಟ್ಟಳು. ಅದನ್ನು ಹೊಲಿದವಳು ಅವಳ ತಾಯಿ ಚಾಂದಿಬಾಯಿ. ತಾಂಡಾದಲ್ಲಿ ಅಂಥ ಕೈಯಿನವರು ಎಂಟು ಜನ ಇದ್ದರು.

ಮುಂದಿನ ರವಿವಾರವೇ ವಿದ್ಯಾವತಿ ತಾಂಡಾಕ್ಕೆ ಹೋದಳು. ಇವರ ಕಸೂತಿಯದೊಂದು ಪೇಜು ಮಾಡೋಣ, ದೂರದೂರದವರು ನೋಡಲಿ, ಕೆಲಸ ಕೇಳಿಕೊಂಡು ನೇರವಾಗಿ ಇವರಿಗೇ ಪತ್ರ ಬರೆಯಲಿ ಎಂಬುದು ಅವಳ ವಿಚಾರ. ಎಂಟೂ ಹೆಂಗಸರು ಕೂಲಿಗೆ ರಜೆ ಹಾಕಿ ಕೂತು ಕೇಳಿದರು. ಎಲ್ಲರಿಗಿಂತ ಹಿರಿಯಳಾದ ಚಾಂದಿಬಾಯಿ ಮಾತ್ರ ತಲೆಯಾಡಿಸಲಿಲ್ಲ.

“ಹಿಂದಕ ಒಬ್ಬಾವ ಜೀಪಿನ್ಯಾಗ ಬಂದಿದ್ದ. ಫೋಟೋ ಹೊಡಕೊಂಡ. ಪುಸ್ತಕದಾಗ ಛಾಪಿಸ್ತೇನಿ ಅಂದ. ಛಾಪಿಸಿದ. ನಮ್ಮ ಮಾರಿ ಇತ್ತು, ನಮ್ಮ ಲಂಗಾ ಇತ್ತು, ಹೆಸರು ಅವನದಿತ್ತು,” ಎಂದಳು ಚಾಂದಿಬಾಯಿ. “ನಮ್ಮ ಹೆಸರು ಹಾಕ್ತಿದ್ರ ಫೋಟೋ ತಗೋ. ಎಂಟೂ ಹೆಸರು. ಇಲ್ಲಾಂದ್ರ ಚಾ ಕುಡಿದು ಹೋಗು.”

“ಎಂಟೂ ಹಾಕ್ತೇನಿ ಅವ್ವಾ. ನನ್ನ ಮ್ಯಾಲ ಬಿಡ್ರಿ.”

“ಮಾತು ಕೊಟ್ಟಿ?”

“ಕೊಟ್ಟೆ.”

ಹೆಸರು ಹಾಕುವುದೇನೋ ಸರಿ, ಯಾರದು ಮೇಲೆ, ಯಾರದು ಕೆಳಗೆ ಎಂಬಲ್ಲಿ ಜಗಳ ಹತ್ತಿತು. ತುಳಜಾ ತನ್ನದು ಮೊದಲು ಎಂದಳು, ಸಕ್ಕುಬಾಯಿ ನೀನು ಕಲಿತದ್ದೇ ನನ್ನ ಹತ್ತಿರ ಎಂದಳು. ಅರ್ಧ ತಾಸು ತಾಂಡಾ ಹಾರಿಹೋಗುವಷ್ಟು ಗದ್ದಲ. ಕೊನೆಗೆ ಚಾಂದಿಬಾಯಿಯೇ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ತನ್ನ ಹೆಸರು ಎಲ್ಲರದಕ್ಕಿಂತ ಕೆಳಗಿರಲಿ, ಅಡವಿಯ ದಾರಿಯಲ್ಲಿ ಹಿರಿಯಳಾದವಳು ಹಿಂದಿನಿಂದ ಬಂದರೆ ಯಾರೂ ದಾರಿ ತಪ್ಪಿ ಉಳಿಯುವುದಿಲ್ಲ ಎಂದಳು. ಹಾಗೆ ಎಂಟನೆಯ ಹೆಸರು ಅವಳದಾಯಿತು. ಅದರ ಕೆಳಗೆ ತಾಂಡಾದ ವಿಳಾಸ.

ಪೇಜನ್ನು ಇಂಟರ್ನೆಟ್ಟಿನಲ್ಲಿ ಇಡುವ ಖರ್ಚಿಗೆ ದುಂಡೇಶ ಒಬ್ಬ ಶೇಟನನ್ನು ಹುಡುಕಿದ. ದಾಂಡೇಲಿಯಿಂದ ಗೋವಾಕ್ಕೆ ಹೋಗುವ ದಾರಿಯ ರಾಮನಗರದಲ್ಲಿ ಅವನ ಅಂಗಡಿ. ಪೇಜಿನಲ್ಲಿ ಹೆಂಗಸರ ವಿಳಾಸದ ಜೊತೆಗೆ ತನ್ನ ಅಂಗಡಿಯ ಫೋನ್ ನಂಬರೂ ಇರಲಿ ಎಂದಷ್ಟೇ ಅವನು ಕೇಳಿದ್ದ. ಇರಲಿ ಬಿಡು ಎಂದು ಚಾಂದಿಬಾಯಿಯೂ ಒಪ್ಪಿದಳು.

ವಿದ್ಯಾವತಿ ಮೊದಲು ಮಾಡಿದ ಪೇಜು ಉದ್ದವಾಗಿತ್ತು. ಮೇಲೆ ಎಂಟು ಹೆಂಗಸರು ಸಾಲಾಗಿ ನಿಂತ ಫೋಟೋ, ಅದರ ಕೆಳಗೆ ಹೆಸರು, ವಿಳಾಸ, ಆಮೇಲೆ ಚೀಲ, ದಿಂಬಿನ ಗವಸುಗಳ ಚಿತ್ರ. ದುಂಡೇಶ ಮೂಗು ಮುರಿದ. “ಬಾಜೂಕ ಈ ಬೂದಿ ಬಣ್ಣದ ಪಟ್ಟಿ ಯಾಕವಾ? ಶೇಟ್‌ಗೆ ಸೇರಾಂಗಿಲ್ಲ. ತಗದ ಕೂಡಲೆ ಎಲ್ಲಾ ಒಂದ ಸ್ಕ್ರೀನಿನ್ಯಾಗ ಕಾಣಬೇಕು ಅಂತಾರ.”

ಒಂದೇ ಪರದೆಯಲ್ಲಿ ಅಷ್ಟೆಲ್ಲ ಎಲ್ಲಿ ಹಿಡಿಸಬೇಕು? ವಿದ್ಯಾವತಿ ಮೂರು ದಿನ ತಿಣುಕಿದಳು. ಇಡೀ ಪೇಜಿಗೆ ಇದ್ದ ಪಟ್ಟಿಯನ್ನು ತೆಗೆದು, ನಡುವೆ ಒಂದು ಡಬ್ಬಿ ಮಾಡಿ, ಫೋಟೋ, ಹೆಸರು, ವಿಳಾಸವನ್ನು ಅದರೊಳಗೆ ಹಾಕಿದಳು. ಡಬ್ಬಿಗೆ ‘ಓವರ್‌ಫ್ಲೋ ಆಟೋ’ ಎಂದು ಬರೆದಳು. ಆಗ ಪಕ್ಕದಲ್ಲಿ ಪುಟ್ಟ ಪಟ್ಟಿ ಬಂತೇನೋ ನಿಜ, ಆದರೆ ಆ ಪಟ್ಟಿ ಹದಿನಾರು ಚುಕ್ಕೆಯಷ್ಟು ಅಗಲವನ್ನು ತಾನೇ ನುಂಗಿ, ಫೋಟೋಕ್ಕೆ ಜಾಗ ಸಾಲದೆ, ಅಡ್ಡಕ್ಕೂ ಇನ್ನೊಂದು ಪಟ್ಟಿ ಹುಟ್ಟಿಕೊಂಡಿತು. ಫೋಟೋವನ್ನು ಚೂರು ಕಿರಿದು ಮಾಡಿದ ಮೇಲೆ ಅಡ್ಡಪಟ್ಟಿ ತೊಲಗಿತು. ಡಬ್ಬಿಯಲ್ಲಿ ಮೊದಲು ಫೋಟೋ ಕಾಣುತ್ತಿತ್ತು, ಪುಟ್ಟ ಪಟ್ಟಿಯನ್ನು ಎಳೆದರೆ ಹೆಸರುಗಳು ಒಂದೊಂದಾಗಿ ಮೇಲೇರಿ ಬರುತ್ತಿದ್ದವು.

ಕಾಜಲ್ ತಾಯಿಯನ್ನು ಕರೆತಂದಳು. ವಿದ್ಯಾವತಿ ಚಾಂದಿಬಾಯಿಯ ಕೈಯನ್ನು ಮೌಸಿನ ಮೇಲಿಟ್ಟು, ಮೇಲೆ ತನ್ನ ಕೈ ಇಟ್ಟು ಎಳೆಸಿದಳು. ಬಳೆಗಳು ಮೇಜಿಗೆ ತಾಗಿ ಸದ್ದಾದವು. ಕಾಜಲ್ ಓದುತ್ತ ಹೋದಂತೆ ಪರದೆಯ ಮೇಲೆ ತುಳಜಾ ಬಂದಳು, ಸಕ್ಕುಬಾಯಿ ಬಂದಳು, ಎಲ್ಲರೂ ಬಂದು ಹೋಗಿ ಕೊನೆಗೆ ಚಾಂದಿಬಾಯಿ ಬಂದಳು. “ಇದು ನಾನ?” ಎಂದಳು. ಮತ್ತೆ ಮೇಲಕ್ಕೆ ತಳ್ಳಿ, ಮತ್ತೆ ಎಳೆದು ನೋಡಿದಳು. ಐದಾರು ಸಲ ಹಾಗೆ ಮಾಡಿದಳು. ಅಷ್ಟು ಖುಷಿಯಾದ ಮುಖವನ್ನು ವಿದ್ಯಾವತಿ ಅದಕ್ಕೆ ಮುಂಚೆ ಆ ಸೆಂಟರಿನಲ್ಲಿ ನೋಡಿರಲಿಲ್ಲ.

ಮರುದಿನ ಅವಳು ಪೇಜನ್ನು ಫ್ಲಾಪಿಗೆ ಹಾಕಿ ದುಂಡೇಶನ ಕೈಗೆ ಕೊಟ್ಟಳು. ದಾಂಡೇಲಿಯ ಫೋನ್ ಲೈನು ನಡುವೆಯೇ ಕಡಿದು ಬೀಳುತ್ತಿದ್ದುದರಿಂದ ಪೇಜು ಏರಿಸುವ ಕೆಲಸಕ್ಕೆ ಅವನು ಹುಬ್ಬಳ್ಳಿಗೆ ಹೋಗುತ್ತಿದ್ದ. ಪಾಸ್‌ವರ್ಡೂ ಅವನ ಹತ್ತಿರವೇ ಇತ್ತು. ಇನ್ನು ಸೆಂಟರಿನಲ್ಲಿ ಬಿಲ್ಲಿಗೆ ಹೆದರಿ ಇಂಟರ್ನೆಟ್ ಹಚ್ಚುತ್ತಿದ್ದುದೇ ಅಪರೂಪ. ಯಾರಾದರೂ ಪೇಜು ನೋಡಲು ಬಂದರೆ ಕಂಪ್ಯೂಟರಿನೊಳಗೇ ಇಟ್ಟುಕೊಂಡಿದ್ದ ಪ್ರತಿಯನ್ನು ತೆಗೆದು ತೋರಿಸುವುದು ಅಲ್ಲಿಯ ರೂಢಿ. ವಿದ್ಯಾವತಿಯೂ ಎರಡು ತಿಂಗಳು ಹಾಗೆಯೇ ಮಾಡಿದಳು. ತಾನು ಬರೆದದ್ದನ್ನು ತಾನೇ ತೆಗೆದು ನೋಡಿ, ಲೋಕವೆಲ್ಲ ಇದನ್ನೇ ನೋಡುತ್ತಿದೆ ಎಂದು ನಂಬಿದಳು. ಅಣ್ಣ ಇಟ್ಟ ಪೇಜು ಬೇರೆ ಇದ್ದೀತು ಎಂಬ ಸಂಶಯ ಅವಳಿಗೆ ಬರಬೇಕಾದರೂ ಹೇಗೆ?

ಎರಡು ತಿಂಗಳಾದರೂ ತಾಂಡಾಕ್ಕೆ ಒಂದು ಪತ್ರ ಬರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಚಾಂದಿಬಾಯಿ, ಸಕ್ಕುಬಾಯಿ, ಕಾಜಲ್ ಮೂವರೂ ಮೆಟ್ಟಿಲು ಹತ್ತಿ ಬಂದರು. ವಿದ್ಯಾವತಿ ಎದ್ದು ಕುರ್ಚಿ ಎಳೆದಳು. ಚಾಂದಿಬಾಯಿ ಕೂರಲಿಲ್ಲ.

“ಸಕ್ಕು ನಿನ್ನೆ ರಾಮನಗರಕ್ಕ ಹೋಗಿದ್ಳು. ಆ ಶೇಟನ ಅಂಗಡ್ಯಾಗ ನಮ್ಮ ನಮೂನಿ ಚೀಲಾ ಸಾಲ ಹಿಡದು ಜೋತಾಡಾಕತ್ತಾವಂತ.”

“ನಮ್ಮ ನಮೂನಿನ, ನಮ್ಮ ಕೈಯಿಂದಲ್ಲ. ಮಷೀನಿನ ಹೊಲಿಗಿ,” ಎಂದಳು ಸಕ್ಕುಬಾಯಿ. “ಗೋವಾದಿಂದ ಕಾರು ಬಂದು ನಿಂತಿತ್ತವಾ. ಕಂಪ್ಯೂಟರಿನ್ಯಾಗ ನೋಡಿ ಬಂದೀವಿ ಅನ್ನಾಕತ್ತಿದ್ರು. ಲಮಾಣಿ ಹೆಂಗಸರು ಹೊಲದಿದ್ದು ಅಂತ ಹೇಳಿ ಶೇಟ ಕೊಡಾಕತ್ತಿದ್ದ.”

“ನಮ್ಮ ವಿಳಾಸಾ ಇದ್ರ ಅವರು ನಮಗ ಯಾಕ ಬರೀಲಿಲ್ಲ?” ಎಂದಳು ಚಾಂದಿಬಾಯಿ. “ತಗದು ತೋರಸು. ಹೆಸರು ಅದಾವೋ ಇಲ್ಲೋ ನೋಡೂಣು.”

ವಿದ್ಯಾವತಿಗೆ ಚುರುಕ್ಕೆಂದಿತು, ಆದರೆ ಅಳುಕಲಿಲ್ಲ. ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ತೆಗೆದು, ಪಟ್ಟಿ ಎಳೆದು, ಎಂಟೂ ಹೆಸರನ್ನು ತೋರಿಸಿದಳು. ಚಾಂದಿಬಾಯಿಯ ಹುಬ್ಬು ಸಡಿಲಾಯಿತು. ಕಾಜಲ್ ಮಾತ್ರ ಪರದೆಯ ಮೇಲ್ಗಡೆ ಬೆರಳಿಟ್ಟು, “ಟೀಚರ್, ಇದು ಸಿ ಡ್ರೈವಿಂದು. ನೆಟ್ಟಿನ್ಯಾಗಿಂದು ತಗೀರಿ,” ಎಂದಳು.

“ಅದೂ ಇದನ್ನ. ಇರಲಿ, ತಗೀತೇನಿ,” ಎಂದು ವಿದ್ಯಾವತಿ ಮೋಡೆಮ್ಮಿನ ಸ್ವಿಚ್ ಒತ್ತಿದಳು. ಎರಡು ಸಲ ಲೈನು ಕಡಿಯಿತು. ಮೂರನೆಯ ಸಲಕ್ಕೆ ಹತ್ತಿಕೊಂಡು ಪೇಜು ಮೇಲಿನಿಂದ ಚೂರುಚೂರೇ ಇಳಿದು ಬಂತು. ಮೊದಲು ತಲೆಬರಹ, ಆಮೇಲೆ ಎಂಟು ಹೆಂಗಸರ ಸೆರಗು, ಆಮೇಲೆ ಮುಖ, ಕೊನೆಗೆ ಲಂಗದ ಅಂಚು. ಅಲ್ಲಿಗೆ ಡಬ್ಬಿ ಮುಗಿಯಿತು. ಅದರ ಕೆಳಗೆ ಶೇಟನ ಅಂಗಡಿಯ ಹೆಸರು, ದಪ್ಪ ಅಕ್ಷರದಲ್ಲಿ ಫೋನ್ ನಂಬರು.

ಡಬ್ಬಿಯ ಪಕ್ಕದಲ್ಲಿ ಪಟ್ಟಿ ಇರಲಿಲ್ಲ.

ಪೇಜು ಪೂರ್ತಿ ಬಂದಿಲ್ಲವೇನೋ ಎಂದು ಅವಳು ಕಾದಳು. ಮತ್ತೆ ತರಿಸಿದಳು. ಮೌಸಿನಿಂದ ಎಳೆದಳು, ಬಾಣದ ಗುಂಡಿ ಒತ್ತಿದಳು. ಫೋಟೋ ಜಪ್ಪಯ್ಯ ಅನ್ನಲಿಲ್ಲ. ಹಿಂದೆ ಮೂವರ ಉಸಿರು ಕೇಳುತ್ತಿತ್ತು. ಕೊನೆಗೆ ಪೇಜಿನ ಒಳಗಿನ ಬರಹವನ್ನೇ ತೆರೆದಳು. ತಾನು ಬರೆದ ಸಾಲುಗಳೆಲ್ಲ ಇದ್ದವು. ತುಳಜಾ ಇದ್ದಳು, ಸಕ್ಕುಬಾಯಿ ಇದ್ದಳು, ಎಂಟನೆಯವಳಾಗಿ ಚಾಂದಿಬಾಯಿಯೂ ಇದ್ದಳು, ತಾಂಡಾದ ವಿಳಾಸವೂ ಇತ್ತು. ಡಬ್ಬಿಯ ಸಾಲಿನಲ್ಲಿ ‘ಆಟೋ’ ಎಂದಿದ್ದ ಕಡೆ ಮಾತ್ರ ‘ಹಿಡನ್’ ಎಂದಾಗಿತ್ತು.

ಆ ಶಬ್ದವನ್ನು ಅವಳು ಬರೆದಿರಲಿಲ್ಲ. ಬರೆಯಬಲ್ಲವರಲ್ಲಿ ಪಾಸ್‌ವರ್ಡ್ ಇದ್ದವನು ಒಬ್ಬನೇ, ಅವನಿಗೆ ಕಲಿಸಿದವಳು ತಾನೇ. ನೆಚ್ಚಿದ ಎಮ್ಮೆ ಕೋಣನನ್ನು ಈಯಿತು ಎನ್ನುತ್ತಾರಲ್ಲ, ಆ ಗಾದೆ ಮಾಡಿದವರಿಗೂ ಯಾರೋ ಒಬ್ಬ ಅಣ್ಣ ಇದ್ದಿರಬೇಕು.

ಆ ಹೊತ್ತಿಗೆ ಸರಿಯಾಗಿ ದುಂಡೇಶ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಮೇಲೆ ಬಂದ. “ಓಹೋ, ಬರ್ರಿ ಬರ್ರಿ. ಚಾ ತರಸ್ಲೇನ್ರಿ?”

“ಅಣ್ಣಾ, ಆಟೋ ಇದ್ದದ್ದು ಹಿಡನ್ ಹೆಂಗಾತು?”

ಅವನು ಪರದೆ ನೋಡಿದ. ಒಂದು ಗಳಿಗೆ ದವಡೆ ಆಡುವುದು ನಿಂತಿತು, ಮತ್ತೆ ಆಡಿತು. “ಅದಾ? ಜಾಗಾ ಸಾಲಲಿಲ್ಲವಾ. ಆ ಪಟ್ಟಿ ಅಸಹ್ಯ ಕಾಣ್ತೈತಿ, ಅದನ್ನ ತಗೀರಿ, ಇಲ್ಲಾಂದ್ರ ನಾ ಖರ್ಚು ಕೊಡಾಂಗಿಲ್ಲ ಅಂದ್ರು ಶೇಟ್.”

“ಪಟ್ಟಿ ತಗದ್ರ ಹೆಸರು ಹೋಗ್ತಾವಂತ ಗೊತ್ತಿರಲಿಲ್ಲೇನು?”

“ಎಲ್ಲಿ ಹೋಗ್ಯಾವ? ನೀನ ತಗದಿಯಲ್ಲ ಒಳಗಿನ ಬರಹಾ, ಎಣಿಸಿ ನೋಡು. ಎಂಟಕ್ಕ ಎಂಟೂ ಅದಾವ. ದೇವರಾಣಿ, ಒಂದ ಹೆಸರು ಅಳಸಿಲ್ಲ ನಾ.”

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಅವಳ ಉರಿ ಹೆಚ್ಚಿಸಿದ್ದು. ಅಳಿಸಿದ್ದರೆ ಕಳ್ಳ ಎನ್ನಬಹುದಿತ್ತು. ಹೆಸರನ್ನು ಇಟ್ಟು, ಅದರ ಮೇಲೆ ಬಾಗಿಲು ಎಳೆದು, ಈಗ ಆಣೆ ಬೇರೆ ಹಾಕುತ್ತಿದ್ದಾನೆ. ನಾಲ್ಕು ವರ್ಷ ಇವನ ಫ್ಯಾನಿನ ಕೆಳಗೆ ಕೂತು, ಇವನು ಹೇಳಿದ್ದನ್ನೆಲ್ಲ ನಂಬಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು.

“ಕಾಣದ ಹೆಸರು ತಗೊಂಡು ಇವರು ಏನ್ ಮಾಡಬೇಕ್ರಿ?” ಎಂದಳು. ಅಣ್ಣಾ ಎನ್ನುವುದು ಬಾಯಿಗೆ ಬರಲಿಲ್ಲ. “ಪಾಸ್‌ವರ್ಡ್ ಹೇಳ್ರಿ. ಈಗ ಸರಿ ಮಾಡ್ತೇನಿ. ಒಂದ ಶಬ್ದಾ ಅಷ್ಟ.”

“ಅದು ಈಗ ಶೇಟ್ ಕಡೆ ಐತವಾ. ಪೇಜು ಅವರ ಹೆಸರಿಗಿ ಮಾಡಿ ಕೊಟ್ಟಾತು. ಹೋದ ತಿಂಗಳ ಕೊಟ್ಟೆ.”

“ನನಗ ಹೇಳಲಿಲ್ಲ.”

“ಹೇಳಿದ್ರ ನೀ ಸುಮ್ನ ಇರ್ತಿದ್ದೇನು?” ಎಂದ ದುಂಡೇಶ. ಕಿಟಕಿಯ ಹೊರಗೆ ಉಗುಳಿ ಬಂದು, ಸ್ವರ ತಗ್ಗಿಸಿ, ಮನೆಯವರಿಗೆ ಹೇಳುವಂತೆ ಹೇಳಿದ: “ತಲಿ ಕೆಡಿಸಿಕೋಬ್ಯಾಡ. ನಿನಗ ನಾ ಅನ್ಯಾಯ ಮಾಡಿಲ್ಲ. ಕೆಳಗ ನೋಡು.”

ಚಾಂದಿಬಾಯಿಗೆ ಇವರಿಬ್ಬರ ಮಾತಿನಲ್ಲಿ ಅರ್ಧ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ತಿಳಿದ ಅರ್ಧವೇ ಸಾಕಾಗಿತ್ತು. ಅವಳು ವಿದ್ಯಾವತಿಯ ಕಡೆ ತಿರುಗಿದಳು. “ಈ ಪೇಜು ಮಾಡಿದಾಕಿ ನೀನ ಹೌದಲ್ಲೋ?”

“ಹೌದವ್ವಾ. ಆದ್ರ ಆ ಶಬ್ದಾ ನಾ ಬರದಿಲ್ಲ. ನಿಮ್ಮ ಕಾಲ ಮುಟ್ಟಿ ಹೇಳ್ತೇನಿ.”

“ಅವನೂ ದೇವರಾಣಿ ಮಾಡಿದ. ನೀನೂ ಮಾಡು. ನಮ್ಮ ಹೆಸರು ಎಲ್ಲದಾವ?”

ವಿದ್ಯಾವತಿ ಗಡಿಬಿಡಿಯಿಂದ ತನ್ನ ಪ್ರತಿಯನ್ನು ಮತ್ತೆ ತೆಗೆದಳು. ಪಟ್ಟಿ ಎಳೆದಳು. “ನೋಡ್ರಿ, ನಾ ಬರದಿದ್ದು ಇದು. ಇದರಾಗ ಅದಾವ.”

“ಇದು ಗೋವಾದಾವ್ರಿಗೆ ಕಾಣ್ತೈತೇನು?”

“ಇಲ್ಲ.”

“ರಾಮನಗರದಾಗ?”

“ಇಲ್ಲವ್ವಾ. ಈ ಕಂಪ್ಯೂಟರಿನ್ಯಾಗ ಅಷ್ಟ.”

“ಅಂದ್ರ ನಮಗ ತೋರಸಾಕ ಒಂದು, ಮಂದಿಗೆ ತೋರಸಾಕ ಒಂದು.”

ಹಾಗಲ್ಲ ಎನ್ನಲು ವಿದ್ಯಾವತಿ ಬಾಯಿ ತೆರೆದಳು. ಆದರೆ ಎರಡು ತಿಂಗಳು ನಡೆದದ್ದು ಅಕ್ಷರಶಃ ಅದೇ ಆಗಿತ್ತು. ಬಂದವರಿಗೆಲ್ಲ ಅವಳು ತೋರಿಸಿದ್ದು ಒಂದು, ಹೊರಗೆ ಇದ್ದದ್ದು ಇನ್ನೊಂದು. ತನಗೆ ಗೊತ್ತಿರಲಿಲ್ಲ ಎಂದರೆ ಯಾರು ನಂಬಬೇಕು? ಜೀಪಿನವನ ಪುಸ್ತಕವನ್ನು ನೋಡಿದವಳು ಎರಡನೆಯ ಸಲ ಯಾಕೆ ನಂಬಬೇಕು? ವಿದ್ಯಾವತಿಯ ಕಣ್ಣಲ್ಲಿ ನೀರು ತುಂಬಿತು, ಅದನ್ನೂ ನಾಟಕ ಎಂದುಕೊಂಡಾರು ಎಂದು ಒರೆಸಿಕೊಂಡಳು.

ಕಾಜಲ್ ಮುಂದೆ ಬಂದು ಇಂಟರ್ನೆಟ್ಟಿನ ಪೇಜನ್ನು ಮತ್ತೆ ಮೇಲೆ ತಂದಳು. ದುಂಡೇಶ ಕೆಳಗೆ ನೋಡು ಎಂದಿದ್ದ ಜಾಗಕ್ಕೆ ಬಗ್ಗಿದಳು. ಶೇಟನ ಫೋನ್ ನಂಬರಿನ ಕೆಳಗೆ, ಪರದೆಯ ಅಂಚಿಗೆ, ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲಿತ್ತು. ಆ ಸಾಲನ್ನು ವಿದ್ಯಾವತಿ ಈವರೆಗೆ ನೋಡಿರಲಿಲ್ಲ. ಕಾಜಲ್ ಅದನ್ನು ಮನಸ್ಸಿನಲ್ಲೇ ಓದಿಕೊಂಡಳು.

“ಏನೈತದು?” ಎಂದಳು ತಾಯಿ.

“ಏನಿಲ್ಲ ಯಾಡಿ.”

“ಓದು.”

“ಪೇಜು ಮಾಡಿದವರು ವಿದ್ಯಾವತಿ, ದಾಂಡೇಲಿ.”

“ನೋಡಿದ್ಯಾ?” ಎಂದ ದುಂಡೇಶ, ಉಡುಗೊರೆ ಕೊಟ್ಟವನ ಹಾಗೆ. “ನಿನ್ನ ಹೆಸರು ನಾನ ಹಾಕಿಸಿದೆ.”

ವಿದ್ಯಾವತಿ ಆ ಸಾಲನ್ನು ಕೈಯಿಂದ ಮುಚ್ಚಲು ಹೋದಳು. ಅಷ್ಟರಲ್ಲಿ ಚಾಂದಿಬಾಯಿ ಮಗಳ ಭುಜ ಹಿಡಿದು ಬಗ್ಗಿ, ಓದಲು ಬಾರದ ಆ ಅಕ್ಷರಗಳ ಕೆಳಗೆ ಬೆರಳು ಎಳೆದು, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು.

“ಇದಕ್ಕ ಜಾಗಾ ಸಾಲ್ತಲ್ಲವಾ,” ಎಂದಳು.

ಬೈಯಲಿಲ್ಲ, ಶಾಪ ಹಾಕಲಿಲ್ಲ. ಸೆರಗು ಸರಿಮಾಡಿಕೊಂಡು ಮೆಟ್ಟಿಲ ಕಡೆ ನಡೆದಳು, ಸಕ್ಕುಬಾಯಿ ಹಿಂದೆ ಹೋದಳು. ಕಾಜಲ್ ಬಾಗಿಲಲ್ಲಿ ಒಮ್ಮೆ ನಿಂತು, ನಾಳೆಯಿಂದ ಕ್ಲಾಸಿಗೆ ಬರುವುದಿಲ್ಲ ಎಂದು ಹೇಳಿ ಇಳಿದು ಹೋದಳು.